ಕೆರೆಯಂಗಳದ ಕೋವಿಗಳು

ಮೈಸೂರು ಜಿಲ್ಲೆಯ ಹದಿನಾರು ಕೆರೆಗೆ ಚಳಿಗಾಲದಲ್ಲಿ ಬಂದಿಳಿದ ಪಟ್ಟೆತಲೆಯ ಹೆಬ್ಬಾತುಗಳಲ್ಲಿ ಒಂದರ ಕೊರಳಿಗೆ ಅಂಕೆಯುಳ್ಳ ಪಟ್ಟಿಯೊಂದು ಇದ್ದಿತೆಂದೂ, ಆ ಅಂಕೆಯನ್ನು ದುರ್ಬೀನಿನಲ್ಲಿ ಓದಿಕೊಂಡ ಪಕ್ಷಿಪ್ರಿಯರು ವಿಚಾರಿಸಲಾಗಿ ಅದನ್ನು ತೊಡಿಸಿದ್ದು ಮಂಗೋಲಿಯದಲ್ಲಿ ಎಂದು ತಿಳಿದುಬಂದಿತೆಂದೂ ನಮ್ಮ ಮನೆಯ ಹುಡುಗನೊಬ್ಬ ಓದಿ ಹೇಳಿದ. ಹಿಮಾಲಯವನ್ನು ದಾಟಿ ಬಂದ ಜೀವ ಅದು. ಅವನನ್ನು ಬೆರಗುಗೊಳಿಸಿದ್ದು ಆ ದೂರ. ನನಗೆ ನೆನಪಾದದ್ದು ದೂರವಲ್ಲ, ತೂಕ. ಅಷ್ಟು ದೊಡ್ಡ ಹಕ್ಕಿಯನ್ನು ಕಾಲು ಹಿಡಿದು ತಲೆಕೆಳಗಾಗಿ ತೂಗಿಕೊಂಡು ಏರಿಯ ಉದ್ದಕ್ಕೂ ನಡೆದರೆ ಹತ್ತು ವರ್ಷದ ಹುಡುಗನ ತೋಳು ಎಷ್ಟು ಸೋಲುತ್ತದೆ ಎಂಬುದು, ಮತ್ತು ಅದರ ಎದೆಯ ಪುಕ್ಕದೊಳಕ್ಕೆ ಬೆರಳು ತೂರಿಸಿದರೆ, ಪ್ರಾಣ ಹೋಗಿ ಬಹಳ ಹೊತ್ತಾದ ಮೇಲೂ, ಅಲ್ಲಿ ಉಳಿದಿರುತ್ತಿದ್ದ ಬಿಸುಪು. ಇದನ್ನು ನಾನು ಆ ಹುಡುಗನಿಗೆ ಹೇಳಲಿಲ್ಲ. ಅವನ ತಲೆಮಾರಿನವರಿಗೆ ಹಕ್ಕಿಯನ್ನು ಕೊಲ್ಲುವವನು ಖಳ. ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ನನ್ನ ಪಾಲಿಗಾದರೋ ಆ ಖಳರಲ್ಲಿ ಕೆಲವರು ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಹಿರಿಯರು.

ನಮ್ಮೂರು ತುಮಕೂರು ಸೀಮೆಯದು. ಊರಿಗೆ ಮೂಡಣ ದಿಕ್ಕಿಗೆ ಕೆರೆ. ಹಿಂಗಾರು ಚೆನ್ನಾಗಿ ಹಿಡಿದ ವರ್ಷ ಕೋಡಿ ಬಿದ್ದು, ನೀರು ಹಿಂದೆ ಹಿಂದೆ ಸರಿದು ಜಾಲಿಯ ಮರಗಳ ಸೊಂಟದವರೆಗೆ ನಿಲ್ಲುತ್ತಿತ್ತು. ದೀಪಾವಳಿ ಕಳೆದು ನಾಲ್ಕಾರು ದಿನಗಳಾಗುವಷ್ಟರಲ್ಲಿ, ರಾತ್ರಿ ಎರಡನೆಯ ಜಾವದ ನಿಶ್ಶಬ್ದದಲ್ಲಿ, ಮನೆಯ ಮಾಡಿನ ಮೇಲೆ ರೆಕ್ಕೆಗಳ ಸುಯ್ಯೆಂಬ ಸದ್ದು ಹಾಯ್ದುಹೋದದ್ದೇ ತಡ, ಜಗಲಿಯಲ್ಲಿ ಕಂಬಳಿ ಹೊದ್ದು ಮಲಗಿದ್ದ ದೊಡ್ಡಪ್ಪನವರು ಎದ್ದು ಕುಳಿತು ಎಲೆಯಡಿಕೆಯ ಚೀಲಕ್ಕಾಗಿ ತಡವರಿಸುತ್ತಿದ್ದರು. ಹಗಲೆಲ್ಲ ಕೆರೆಯ ನಡುನೀರಿನಲ್ಲಿ ದಟ್ಟಣೆಯಾಗಿ ಕೂಡಿ, ಕೊಕ್ಕನ್ನು ಬೆನ್ನಿನ ಪುಕ್ಕದಲ್ಲಿ ಹುದುಗಿಸಿ ತೂಕಡಿಸುತ್ತಿದ್ದ ಈ ಹಕ್ಕಿಗಳು ಕತ್ತಲಾದೊಡನೆ ಅಚ್ಚುಕಟ್ಟಿನ ಗದ್ದೆಗಳಿಗೆ ಮೇಯಲು ಹೋಗಿ, ಬೆಳಗಿನ ಜಾವಕ್ಕೆ ಅದೇ ದಾರಿಯಲ್ಲಿ ಹಿಂದಿರುಗುವುದು ವಾಡಿಕೆ. ಆ ದಾರಿ ಯಾವುದು, ಗಾಳಿ ತಿರುಗಿದರೆ ಅದು ಎಷ್ಟು ಗಜ ಪಕ್ಕಕ್ಕೆ ಸರಿಯುತ್ತದೆ, ಮಂಜು ಕವಿದ ದಿನ ಎಷ್ಟು ಕೆಳಗೆ ಹಾರುತ್ತವೆ ಎಂಬುದೆಲ್ಲ ಊರಿನ ಮೂರು ನಾಲ್ಕು ಜನರಿಗೆ ಕರತಲಾಮಲಕವಾಗಿತ್ತು.

ಹಕ್ಕಿಗಳ ಹೆಸರುಗಳನ್ನು ನಾನು ಪುಸ್ತಕದಿಂದ ಕಲಿತವನಲ್ಲ. ವರ್ಷವಿಡೀ ಇಲ್ಲಿಯೇ ಇರುವ, ಕೊಕ್ಕಿನ ತುದಿಗೆ ಹಳದಿ ಹಚ್ಚಿಕೊಂಡ ದೊಡ್ಡ ಬಾತು ವರಟೆ. ಮರದ ಪೊಟರೆಯಲ್ಲಿ ಮೊಟ್ಟೆಯಿಟ್ಟು, ಹಾರುವಾಗ ಸಿಳ್ಳೆ ಹಾಕುವುದು ಸಿಳ್ಳೆಬಾತು. ಹಣೆಗೆ ಬಿಳಿಯ ಬೊಟ್ಟಿಟ್ಟ ಕರಿಯದು ನಾಮದ ಕೋಳಿ, ಅದಕ್ಕೆ ಮದ್ದು ಖರ್ಚು ಮಾಡುವವನು ಮೂರ್ಖ. ಚಳಿಗೆ ಬರುವ ಪರದೇಶಿಗಳಲ್ಲಿ ಸೂಜಿಬಾಲದ ಬಾತು ಶ್ರೇಷ್ಠ, ಬಿಳಿಹುಬ್ಬಿನ ಸಣ್ಣ ಬಾತು ರುಚಿಕರ, ಅಗಲ ಕೊಕ್ಕಿನದು ಕೆಸರು ನಾರುತ್ತದೆ, ಬೇಡ. ಬಿಳಿಹುಬ್ಬಿನ ಗಂಡುಹಕ್ಕಿ ಬರುವಾಗ ಹೆಣ್ಣಿನಂತೆಯೇ ಮಾಸಲಾಗಿದ್ದು, ಚಳಿ ಇಳಿಯುವ ವೇಳೆಗೆ ಹುಬ್ಬು ಬೆಳಗಿ ಬಣ್ಣ ತಳೆಯುತ್ತದೆ ಎಂಬ ಸಂಗತಿ ನನಗೆ ತಿಳಿದದ್ದು, ಹೆಬ್ಬೆಟ್ಟೊತ್ತುವ ಒಬ್ಬ ಬೇಟೆಗಾರನಿಂದ. ಅದನ್ನೇ ಎಷ್ಟೋ ವರ್ಷದ ಮೇಲೆ ಸಲೀಂ ಅಲಿಯವರ ಪುಸ್ತಕದಲ್ಲಿ ಕಂಡಾಗ ನನಗೆ ಹೊಸತೇನೂ ಅನ್ನಿಸಲಿಲ್ಲ.

ದೊಡ್ಡಪ್ಪನವರು ಊರ ಪಟೇಲರು. ಅವರದು ಹನ್ನೆರಡು ಬೋರಿನ ಜೋಡುನಳಿಗೆಯ ತೋಟಾ ಕೋವಿ. ಏಲಿ ತೋಟೆಗಳ ಪೆಟ್ಟಿಗೆಯನ್ನು ಅವರು ಅಟ್ಟದ ಮೇಲೆ, ಒಲೆಯ ಶಾಖ ಹದವಾಗಿ ತಗಲುವ ಸ್ಥಳದಲ್ಲಿ ಇಡುತ್ತಿದ್ದರು. ಕಾಗದದ ತೋಟೆ ಥಂಡಿಗೆ ಉಬ್ಬಿದರೆ ನಳಿಗೆಗೆ ಇಳಿಯದು. ಮುಸ್ಸಂಜೆ ಅಥವಾ ಬೆಳಗಿನ ಜಾವ, ಹಾರುವ ಹಕ್ಕಿಗೆ ಮಾತ್ರ ಅವರು ಗುರಿಯಿಡುತ್ತಿದ್ದರು. ಕೂತ ಹಕ್ಕಿಯನ್ನು ಹೊಡೆಯುವುದು ಗಂಡಸುತನವಲ್ಲವೆಂಬ ಈ ನೀತಿಯನ್ನು ಅವರು ಕಲಿತದ್ದು, ತಾವು ಕಿರಿಯರಾಗಿದ್ದಾಗ ಶಿಕಾರಿಗೆಂದು ಬರುತ್ತಿದ್ದ ದೊರೆಗಳ ಜೊತೆಯಲ್ಲಿ ಕ್ಯಾಂಪು ಹಾಕಿದ ಕಾಲದಲ್ಲಿ. ಅದನ್ನು ಅವರು ಕುಲಧರ್ಮವೋ ಎಂಬಷ್ಟು ನಿಷ್ಠೆಯಿಂದ ಪಾಲಿಸಿದರು.

ಸಾಬಿಗೆ ಈ ನೀತಿ ಶುದ್ಧ ದುಂದುಗಾರಿಕೆಯಾಗಿ ಕಾಣುತ್ತಿತ್ತು. ಆತ ಲಾಳ ಕಟ್ಟುವ ಕಸುಬಿನವನು. ನಮ್ಮ ಮನೆಯ ಎತ್ತುಗಳಿಗೆಲ್ಲ ಆತನೇ. ಅವನ ಕೋವಿ ಕೇಪಿನದು, ಅವನ ತಾತನ ಕಾಲದ್ದು, ಹಿಡಿ ಬಿರಿದು ತಾಮ್ರದ ತಂತಿಯಿಂದ ಬಿಗಿದದ್ದು. ಪೆಟ್ಲುಪ್ಪು, ಗಂಧಕ, ಎಕ್ಕದ ಇದ್ದಿಲು ಇವನ್ನು ಅರೆದು ಮದ್ದು ಮಾಡಿಕೊಳ್ಳುವುದೂ ಅವನೇ. ಒಂದು ಈಡು ತುಂಬುವುದೆಂದರೆ ಅದೊಂದು ಅನುಷ್ಠಾನ: ಸೋರೆಬುರುಡೆಯಿಂದ ಅಂಗೈಗೆ ಮದ್ದು ಸುರಿದು ಕಣ್ಣಳತೆಯಲ್ಲೇ ತೂಗಿ ನಳಿಗೆಗೆ ಇಳಿಸುವುದು, ಮೇಲೆ ತೆಂಗಿನ ನಾರಿನ ಉಂಡೆ, ಗಜದಿಂದ ಜಡಿತ, ಗಜ ಪುಟಿದು ಕೈಗೆ ಬಂದರೆ ಸಾಕು ಎಂದರ್ಥ, ಆಮೇಲೆ ಚರೆ, ಮತ್ತೆ ನಾರು, ಈ ಸಲದ ಜಡಿತ ಮೆಲ್ಲಗೆ. ಕೊನೆಗೆ ಮೊಲೆಯ ಮೇಲೆ ಕೇಪು ಕೂರಿಸಿ, ಇಬ್ಬನಿ ತಾಕದಂತೆ ಮೇಣ ಬಳಿದ ಬಟ್ಟೆಯ ಚೂರನ್ನು ಮುಚ್ಚುವನು. ಹೀಗೆ ತುಂಬಿದ ಒಂದು ಈಡು ಒಂದೇ ಹಕ್ಕಿಗೆ, ಅದೂ ಹಾರುವ ಹಕ್ಕಿಗೆ ಮೀಸಲೆಂದರೆ ಯಾರು ಒಪ್ಪುತ್ತಾರೆ? ಹಾರುವ ಬಾತಿನ ಮುಂದಕ್ಕೆ ಎಷ್ಟು ಗೇಣು ಬಿಟ್ಟು ಹೊಡೆಯಬೇಕೆಂಬ ಲೆಕ್ಕ ತೋಟೆಯ ಕೋವಿಗೇನೋ ಸರಿ. ಕುದುರೆ ಬಿದ್ದು, ಕೇಪು ಸಿಡಿದು, ಮದ್ದು ಹೊತ್ತುವಷ್ಟರಲ್ಲಿ ಸಾಬಿಯ ಹಕ್ಕಿ ಕೋಡಿ ದಾಟಿರುತ್ತಿತ್ತು.

ಆದುದರಿಂದ ಅವನು ಎಮ್ಮೆಯನ್ನು ಅವಲಂಬಿಸಿದ. ಕೊಂಬು ಹಿಂದಕ್ಕೆ ಬಾಗಿ ಬೆನ್ನಿಗೆ ತಾಗುವಂತಿದ್ದ ಒಂದು ಮುದಿ ಎಮ್ಮೆ. ಅದನ್ನು ನೀರಂಚಿನ ಹಸಿರಿನಲ್ಲಿ ಮೇಯಲು ಬಿಟ್ಟು, ಹಕ್ಕಿಗಳಿಲ್ಲದ ಮಗ್ಗುಲಲ್ಲಿ ತಾನು ಮೊಣಕಾಲು ಬಾಗಿಸಿ, ಮೂಗುದಾರವನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಅದು ಒಂದು ಹೆಜ್ಜೆಯಿಟ್ಟರೆ ತಾನೂ ಒಂದು ಹೆಜ್ಜೆಯಿಡುತ್ತ, ಅದು ನಿಂತರೆ ನಿಲ್ಲುತ್ತ, ಅದು ತಲೆಯೆತ್ತಿ ಮೆಲುಕು ಹಾಕಿದರೆ ಆ ಮೆಲುಕು ಮುಗಿಯುವವರೆಗೂ ಉಸಿರು ಬಿಗಿಹಿಡಿದು ಕಾಯುತ್ತ, ಐವತ್ತು ಮಾರು ದೂರವನ್ನು ಕ್ರಮಿಸಲು ಒಂದು ತಾಸಿಗೂ ಹೆಚ್ಚು ಕಾಲ ವ್ಯಯಮಾಡುತ್ತಿದ್ದ. ಏರಿಯ ಹಿಂದೆ ಹೊಟ್ಟೆಯ ಮೇಲೆ ಮಲಗಿ ಹುಲ್ಲಿನ ಸಂದಿಯಿಂದ ನೋಡುತ್ತಿದ್ದ ನಮಗೆ ಕಾಣುತ್ತಿದ್ದದ್ದು ಆರು ಕಾಲಿನ ಎಮ್ಮೆಯೊಂದು ಮಾತ್ರ. ಹಕ್ಕಿಗಳಿಗೆ ಕಾಲುಗಳನ್ನು ಎಣಿಸುವ ವಿದ್ಯೆ ಬಾರದು. ಸಾಕಷ್ಟು ಸಮೀಪಕ್ಕೆ ಹೋದ ಮೇಲೂ ಅವನು ಹೊಡೆಯುತ್ತಿರಲಿಲ್ಲ. ನೀರಿನ ಮೇಲೆ ತಲೆಗಳು ಒಂದರ ಹಿಂದೊಂದು ಸಾಲಿಗೆ ಬರುವವರೆಗೆ ಕಾದು, ಎಮ್ಮೆಯ ಕತ್ತಿನ ಕೆಳಗಿನಿಂದ ನಳಿಗೆಯನ್ನು ಚಾಚುವನು. ಸದ್ದಿಗೆ ಕೆರೆಗೆ ಕೆರೆಯೇ ಎದ್ದು ಆಕಾಶ ಕಪ್ಪಾಗುತ್ತಿತ್ತು. ಎಮ್ಮೆ ಒಂದು ಕಿವಿಯನ್ನು ಅಲ್ಲಾಡಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಸಾಬಿ ಕೋವಿಯನ್ನು ದಡಕ್ಕೆಸೆದು, ಸೊಂಟದ ಚೂರಿಯನ್ನು ಎಳೆದುಕೊಂಡು ನೀರಿಗೆ ಧುಮುಕುವನು. ಉಸಿರಿರುವಾಗಲೇ ಕುತ್ತಿಗೆ ಕೊಯ್ದು ದೇವರ ಹೆಸರು ಹೇಳದಿದ್ದರೆ ಆ ಹಕ್ಕಿ ಅವನ ಮನೆಗೆ ಸಲ್ಲದು. ಸತ್ತೇಹೋಗಿದ್ದವು ನಮ್ಮ ಪಾಲಿಗೆ. ಎರಡು ಧರ್ಮಗಳ ನಡುವಿನ ಈ ಹಂಚಿಕೆಯಲ್ಲಿ ಒಂದು ದಿನವೂ ಜಗಳವಾದದ್ದನ್ನು ನಾನು ಕಾಣೆ.

ಇವರಿಬ್ಬರ ಕಥೆಯನ್ನು ಊರಿನಲ್ಲಿ ಈಗಲೂ ಹೇಳುವವರಿದ್ದಾರೆ. ಮೂರನೆಯವನ ಕಥೆಯನ್ನು ಹೇಳುವವರಿಲ್ಲ. ಅವನು ನೀರಿಗಿಳಿಯುವವನು. ದೊಡ್ಡಪ್ಪನವರ ಈಡಿಗೆ ಬಿದ್ದ ಹಕ್ಕಿ ಜೊಂಡಿನ ನಡುವೆಯೋ ತಾವರೆಯ ಬಳ್ಳಿಯ ಮೇಲೋ ಬೀಳುತ್ತಿತ್ತಷ್ಟೆ; ಪುಷ್ಯಮಾಸದ ಬೆಳಗಿನಲ್ಲಿ, ದಡದಲ್ಲಿದ್ದವರು ಕಂಬಳಿಯನ್ನು ಕಿವಿಗೆಳೆದುಕೊಳ್ಳುತ್ತಿರುವಾಗ, ಲಂಗೋಟಿಯಲ್ಲಿ ಎದೆಮಟ್ಟದ ನೀರಿಗಿಳಿದು ಅದನ್ನು ತರಬೇಕಾದವನು ಇವನು. ತಾವರೆಯ ದಂಟಿನ ಮುಳ್ಳು ಅವನ ತೊಡೆಗಳಲ್ಲಿ ಗೀರಿದ ಕೆಂಪು ಗೆರೆಗಳು ನನ್ನ ಕಣ್ಣಿಗೆ ಕಟ್ಟಿವೆ. ಗಾಯಗೊಂಡ ಬಾತು ಎಷ್ಟು ಚತುರ ಎಂಬುದನ್ನು ಬಲ್ಲವನೂ ಅವನೊಬ್ಬನೇ: ಅದು ಮುಳುಗಿ, ಜೊಂಡಿನ ಬುಡಕ್ಕೆ ಹೋಗಿ, ಮೈಯೆಲ್ಲ ನೀರೊಳಗಿಟ್ಟು ಕೊಕ್ಕನ್ನು ಮಾತ್ರ ಮೇಲಿಟ್ಟುಕೊಂಡು ನಿಲ್ಲುತ್ತದೆ, ಅವನು ಕಣ್ಣಿನಿಂದ ಹುಡುಕದೆ ಪಾದದಿಂದ ತಡಕುತ್ತಿದ್ದ. ಅವನ ಕೂಲಿ ಎಂದರೆ ಹಕ್ಕಿಯ ತಲೆ, ಕಾಲು, ಕರುಳು. ಹಬ್ಬದಂಥ ದಿನ ಒಂದು ಸಣ್ಣ ಹಕ್ಕಿ. ನಮ್ಮ ಹಿತ್ತಿಲ ಬಾಗಿಲಿನ ಹೊರಗೆ, ಹೊಸಿಲಿನಿಂದ ಇಷ್ಟು ದೂರ ಎಂಬ ಗೊತ್ತಾದ ಸ್ಥಳದಲ್ಲಿ ನಿಂತು ಅವನು ಅದನ್ನು ತೆಗೆದುಕೊಳ್ಳುತ್ತಿದ್ದ. ಬೇಟೆಯ ವಿಚಾರವಾಗಿ ನಮ್ಮವರು ಬರೆದಿರುವುದನ್ನು ಓದಿದಾಗಲೆಲ್ಲ ನನಗೆ ಕಾಣದೆ ಹೋಗುವವನು ಈತ; ಕೋವಿ ಹಿಡಿದವರು ಪುಟಪುಟಗಳಲ್ಲಿ ಇದ್ದಾರೆ, ನೀರಿಗಿಳಿದವನು ಒಂದು ವಾಕ್ಯದಲ್ಲಿ ಬಂದು ಹೋಗುತ್ತಾನೆ.

ಅಡಿಗೆಯ ಮಾತು ಇಲ್ಲಿ ಬಾರದಿದ್ದರೆ ಆಗದು. ಒಳಗಿನ ಒಲೆಗೆ ಬಾತಿನ ಪ್ರವೇಶವಿರಲಿಲ್ಲ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಗಂಡಸರೇ ಬೇಯಿಸಬೇಕು. ಚರ್ಮವಿದ್ದರೆ ಕೆಸರಿನ ವಾಸನೆ ಹೋಗದೆಂದು ಪುಕ್ಕದ ಜೊತೆಗೇ ಸುಲಿದು, ಅರಿಸಿನ ತಿಕ್ಕಿ, ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು ಅರೆದ ಖಾರಕ್ಕೆ ಹಾಕಿ, ರಾಗಿಮುದ್ದೆ ಏಳುವ ಹೊತ್ತಿಗೆ ಇಳಿಸುವರು. ಶಿವರಾತ್ರಿಯ ಸುಮಾರಿಗೆ ಹೊಡೆದ ಬಾತಿಗೆ ಎಣ್ಣೆಯೇ ಬೇಡ, ಅದರ ಕೊಬ್ಬೇ ಸಾಕು ಎಂದು ಸಾಬಿ ಹೇಳುತ್ತಿದ್ದ. ಆ ತಿಂಗಳಿಗಾಗಿ ಇಡೀ ಊರು ಕಾಯುತ್ತಿತ್ತು. ಉಣ್ಣುವಾಗ ಹಲ್ಲಿಗೆ ಕಟಕ್ಕೆಂದು ಚರೆ ಸಿಕ್ಕಿದರೆ ಅದನ್ನು ಉಗುಳಿ ಜೋಪಾನ ಮಾಡುವುದು ಹುಡುಗರ ಹಕ್ಕು. ಆ ಕೊಬ್ಬು ಏತಕ್ಕೆ ಎಂಬ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ. ಸೈಬೀರಿಯದ ಜೌಗುಭೂಮಿಗೂ ಮಧ್ಯ ಏಷ್ಯದ ಸರೋವರಗಳಿಗೂ ಹಿಂದಿರುಗಿ ಹೋಗಲು, ದಾರಿಯುದ್ದಕ್ಕೂ ಉರಿಸಲು, ಆ ಹಕ್ಕಿಗಳು ಚಳಿಗಾಲವೆಲ್ಲ ನಮ್ಮ ಗದ್ದೆಗಳಲ್ಲಿ ಆಯ್ದು ಕೂಡಿಟ್ಟುಕೊಂಡ ಬುತ್ತಿ ಅದು.

ಕೋವಿಯಿಲ್ಲದವರ ಬೇಟೆಯೂ ಇತ್ತು. ಒಂದೆರಡು ಬಾರಿ ನಾನು ನೋಡಿದ್ದೇನೆ: ಊರೂರು ಅಲೆಯುವ ಹಕ್ಕಿಹಿಡಿಯುವ ಜನ ಬಂದು ಕೆರೆಯಲ್ಲಿ ಹತ್ತಾರು ಖಾಲಿ ಮಡಕೆಗಳನ್ನು ಬೋರಲು ತೇಲಿಬಿಟ್ಟು ಸುಮ್ಮನಾಗಿಬಿಡುತ್ತಿದ್ದರು. ಮೊದಲು ಬೆದರಿದ ಬಾತುಗಳು ಎರಡು ಮೂರು ದಿನಗಳಲ್ಲಿ ಮಡಕೆಗಳ ನಡುವೆಯೇ ಈಜಾಡತೊಡಗುವುವು. ಆಮೇಲೆ ಒಂದು ಬೆಳಿಗ್ಗೆ, ಕಣ್ಣಿಗೆ ತೂತು ಕೊರೆದ ಮಡಕೆಯೊಂದು ಒಬ್ಬಾತನ ತಲೆಯ ಮೇಲಿರುತ್ತಿತ್ತು. ಅವನು ಕತ್ತಿನವರೆಗೆ ನೀರಿನಲ್ಲಿ ಮೆಲ್ಲಗೆ ತೇಲುತ್ತ ಹೋಗಿ, ಕಾಲು ಹಿಡಿದು ಒಂದೊಂದಾಗಿ ಒಳಕ್ಕೆಳೆದುಕೊಳ್ಳುವನು. ಪಕ್ಕದ ಹಕ್ಕಿಗೆ ತನ್ನ ಜೊತೆಗಾತಿ ಮುಳುಗು ಹಾಕಿದಳೆಂದೇ ಭ್ರಮೆ. ದೊಡ್ಡಪ್ಪನವರು ಇದನ್ನು ಕಳ್ಳತನವೆಂದು ಹಳಿಯುತ್ತಿದ್ದರು. ನನಗೀಗ ಅನ್ನಿಸುವುದೆಂದರೆ, ಒಂದು ಹಕ್ಕಿಯನ್ನೂ ಗಾಯಗೊಳಿಸಿ ಬಿಟ್ಟುಹೋಗದ ಬೇಟೆ ಆ ಕೆರೆಯಲ್ಲಿ ನಡೆದದ್ದು ಅದೊಂದೇ.

ಏಕೆಂದರೆ ಕೋವಿಯ ಬೇಟೆಯ ಲೆಕ್ಕದಲ್ಲಿ ಸೇರದ ಹಕ್ಕಿಗಳು ಬಹಳ. ಎರಡು ಬಿದ್ದವು ಎನ್ನುವಾಗ, ಚರೆಯೊಂದನ್ನು ಮೈಯಲ್ಲಿಟ್ಟುಕೊಂಡು ಹಾರಿಹೋಗಿ ಯಾವ ಬೇಲಿಯ ಮರೆಯಲ್ಲೋ ನರಿಗೆ ಆಹಾರವಾದವು ಎಷ್ಟು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಗುರಿ ತಪ್ಪಿದ ಈಡು ನೀರಿಗೆ ಬಿದ್ದು ಹಾಳಾಯಿತೆಂದು ಅವರು ಪೇಚಾಡುತ್ತಿದ್ದರು, ಅದು ಹಾಳಾಗಿರಲಿಲ್ಲ. ಬಾತು ತಾನು ನುಂಗಿದ ಕಾಳನ್ನು ಅರೆಯಲು ಕೆರೆಯ ತಳದಿಂದ ಸಣ್ಣ ಹರಳುಗಳನ್ನು ಹೆಕ್ಕಿ ನುಂಗುತ್ತದೆ. ಹರಳೆಂದು ಅದು ಸೀಸದ ಚರೆಯನ್ನು ಹೆಕ್ಕಿದರೆ, ಅದೇ ಸವೆದು ರಕ್ತಕ್ಕೆ ಸೇರಿ, ರೆಕ್ಕೆ ಇಳಿಬಿದ್ದು, ಕೆಲವು ವಾರಗಳಲ್ಲಿ ಹಕ್ಕಿ ಸಾಯುತ್ತದೆ. ಅನೇಕ ದೇಶಗಳು ನೀರಹಕ್ಕಿಯ ಬೇಟೆಗೆ ಸೀಸವನ್ನು ನಿಷೇಧಿಸಿರುವುದು ಈ ಕಾರಣದಿಂದ. ನಮ್ಮ ಹಿರಿಯರಿಗೆ ಇದು ತಿಳಿದಿರಲಿಲ್ಲ. ಆದರೆ ಮೈಮೇಲೆ ಗಾಯವಿಲ್ಲದ, ಹಾರಲಾರದ ಹಕ್ಕಿ ದಂಡೆಯಲ್ಲಿ ಸಿಕ್ಕಿದಾಗ ಅದಕ್ಕೆ ಗಾಳಿ ಸೋಕಿದೆಯೆಂದು ಹೇಳಿ ಮುಟ್ಟದೆ ಬರುತ್ತಿದ್ದರು.

ಅವರ ಸಂಯಮವನ್ನು ಹೊಗಳುವುದು ಈಗ ಒಂದು ರೂಢಿಯಾಗಿದೆ. ಹಳೆಯ ಬೇಟೆಗಾರರು ಬೇಕಾದಷ್ಟೇ ಹೊಡೆದರು, ಪ್ರಕೃತಿಯನ್ನು ಪ್ರೀತಿಸಿದರು, ಎಂದು ನನ್ನ ಓರಗೆಯವರೇ ಭಾಷಣ ಮಾಡುವುದನ್ನು ಕೇಳಿದ್ದೇನೆ. ಅವರು ಹಕ್ಕಿಯನ್ನು ಬಲ್ಲವರಾಗಿದ್ದರೆಂಬುದಕ್ಕೆ ನಾನೇ ಸಾಕ್ಷಿ. ಪ್ರೀತಿಯೂ ಒಂದು ಬಗೆಯದು ಇತ್ತು. ಸೂಜಿಬಾಲದ ಗಂಡುಹಕ್ಕಿಯ ಕತ್ತಿನ ಬಿಳಿ ಗೆರೆಯನ್ನು ಹೆಬ್ಬೆರಳಿನಿಂದ ಸವರುತ್ತ ಸಾಬಿ ಅಷ್ಟು ಹೊತ್ತು ಕೂತಿರುತ್ತಿದ್ದುದು ಸುಳ್ಳಲ್ಲ. ಆದರೆ ಅವನ ಸಂಯಮ ಹುಟ್ಟಿದ್ದು ಪ್ರೀತಿಯಿಂದಲ್ಲ, ಗಂಧಕದ ಬೆಲೆಯಿಂದ. ಅಗ್ಗವಾಗಿ ತೋಟೆ ಸಿಕ್ಕಿದಾಗ ಏನಾಯಿತೆಂಬುದನ್ನು ನಾನು ಕಂಡಿದ್ದೇನೆ. ಐವತ್ತರ ದಶಕ ಕಳೆಯುವ ವೇಳೆಗೆ ತುಮಕೂರಿನ ಕಡೆಯಿಂದ ಜೀಪುಗಳು ಬರತೊಡಗಿದವು; ಅಧಿಕಾರಿಗಳು, ಕಂಟ್ರಾಕ್ಟರುಗಳು, ಅವರ ಭಾವಮೈದುನರು. ದಾರಿ ತೋರಿಸಲು ಹೋದವನು ಸಾಬಿಯೇ. ಅವರು ಕೊಟ್ಟ ಜೋಡುನಳಿಗೆ ಕೈಗೆ ಬಂದ ದಿನ ಅವನು ಬಾತುಗಳು ಗುಂಪಿನಿಂದ ಗುಂಪಿಗೆ ಚದುರಿ ಕೆರೆ ಬರಿದಾಗುವವರೆಗೆ ಹೊಡೆದ. ಎಮ್ಮೆ ಕೊಟ್ಟಿಗೆಯಲ್ಲೇ ಉಳಿಯಿತು. ದೊಡ್ಡಪ್ಪನವರೂ ಅವರ ಜೊತೆಗಿದ್ದರು, ಹಾರುವ ಹಕ್ಕಿಗೆ ಮಾತ್ರ ಗುರಿಯಿಡುವ ತಮ್ಮ ನೀತಿಗೆ ಕಿಂಚಿತ್ತೂ ಭಂಗ ಬಾರದಂತೆ.

ನೀತಿಯಿಂದ ಹಕ್ಕಿ ಉಳಿಯುವುದಿಲ್ಲವೆಂಬುದಕ್ಕೆ ಭರತಪುರಕ್ಕಿಂತ ದೊಡ್ಡ ನಿದರ್ಶನ ಬೇಡ. ಅಲ್ಲಿ 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿತು. ಎಲ್ಲವೂ ಶಿಷ್ಟಾಚಾರಕ್ಕೆ ಅನುಗುಣವಾಗಿಯೇ ನಡೆದಿರಬೇಕು, ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಆ ಕಾಲದಲ್ಲಿ ಕೋವಿಗೂ ಪಕ್ಷಿಶಾಸ್ತ್ರಕ್ಕೂ ವೈರವಿರಲಿಲ್ಲ. ಸಲೀಂ ಅಲಿಯವರ ಪಕ್ಷಿವ್ಯಾಸಂಗ ಪ್ರಾರಂಭವಾದದ್ದು ಬಾಲಕನಾಗಿ ತಾವೇ ಹೊಡೆದುರುಳಿಸಿದ ಗುಬ್ಬಿಯೊಂದರ ಹಳದಿ ಕೊರಳಿನಿಂದ; ಅದೇ ಮಹನೀಯರು ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸಮೀಕ್ಷಿಸಲು ಬಂದಾಗ ಕೊಟ್ಟ ಸಲಹೆಯ ಮೇಲೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಈಗಿನ ಹುಡುಗರು ಈ ಎರಡನ್ನೂ ಒಬ್ಬನೇ ಮನುಷ್ಯನಲ್ಲಿ ಕೂಡಿಸಲು ಕಷ್ಟಪಡುತ್ತಾರೆ. ನನಗೆ ಕಷ್ಟವಾಗುವುದಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತು. 1991ರ ತಿದ್ದುಪಡಿಯಿಂದ ಪರವಾನಗಿ ಪಡೆದು ಬೇಟೆಯಾಡುವ ಕಿರುಬಾಗಿಲೂ ಮುಚ್ಚಿತು. ಸರಿಯಾದದ್ದೇ, ಬಹಳ ತಡವಾಗಿಯಾದರೂ ಆಗಬೇಕಾದದ್ದೇ. ಕಾಯಿದೆ ಕೋವಿಯನ್ನು ಹಿಡಿಯಿತು, ಆದರೆ ನಮ್ಮೂರ ಕೆರೆಯನ್ನು ಹಿಡಿದುಕೊಳ್ಳುವ ಕೈ ಅದಕ್ಕಿರಲಿಲ್ಲ. ಕೆರೆಯ ಹಿಂಭಾಗದ ಗೋಮಾಳದಲ್ಲಿ ನೀಲಗಿರಿ ಬಂದಿತು. ರಾಜಕಾಲುವೆಯ ಮೇಲೆ ತೋಟಗಳೆದ್ದವು. ಕೊಳವೆಬಾವಿಗಳು ನೂರಾರು ಅಡಿ ಇಳಿದವು. ವರ್ಷವರ್ಷ ತೂಬಿನ ಬಾಯಿಯ ಹೂಳು ತೆಗೆಯುತ್ತಿದ್ದ ನೀರುಗಂಟಿಯ ಮಕ್ಕಳು ಬೆಂಗಳೂರಿನಲ್ಲಿ ಆಟೋ ಓಡಿಸತೊಡಗಿದರು. ಭತ್ತದ ಗದ್ದೆಯಿದ್ದಲ್ಲಿ ಅಡಕೆ ನಿಂತ ಮೇಲೆ, ಕೆರೆ ತುಂಬಿದ ವರ್ಷವೂ ಬಾತಿಗೆ ರಾತ್ರಿ ಮೇವಿಲ್ಲ. ಗದಗ ಸೀಮೆಯ ಮಾಗಡಿ ಕೆರೆಗೆ ಹೆಬ್ಬಾತುಗಳು ಇಂದಿಗೂ ಸಾವಿರಗಟ್ಟಲೆ ಬರುತ್ತವೆ, 2024ರಲ್ಲಿ ಅದಕ್ಕೆ ರಾಮ್ಸರ್ ಮನ್ನಣೆಯೂ ದೊರೆಯಿತು. ಸುತ್ತಲಿನ ಹೊಲಗಳಲ್ಲಿ ಮೇವಿದೆ, ಕೆರೆಯಲ್ಲಿ ನೀರಿದೆ, ಜನ ಹೊಡೆಯುವುದಿಲ್ಲ. ಈ ಮೂರೂ ಒಟ್ಟಿಗೆ ಇರಬೇಕಾಗುತ್ತದೆ.

ದೊಡ್ಡಪ್ಪನವರು ತೀರಿಕೊಂಡ ಮೇಲೆ ಅವರ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸುವುದೂ ಮತ್ತೆ ತರುವುದೂ ದೊಡ್ಡ ರಗಳೆಯಾಗಿ, ಅವರ ಮಗ ಒಮ್ಮೆ ಒಪ್ಪಿಸಿದವನು ತರಲು ಹೋಗಲೇ ಇಲ್ಲ. ಸಾಬಿಯ ಕೇಪಿನ ಕೋವಿಯ ನಳಿಗೆ ಅವನ ಮೊಮ್ಮಗನ ವೆಲ್ಡಿಂಗ್ ಅಂಗಡಿಯಲ್ಲಿ ಒಲೆ ಊದುವ ಕೊಳವೆಯಾಗಿದ್ದುದನ್ನು ನಾನೇ ನೋಡಿದೆ. ಹಳೆಯ ಮನೆಯನ್ನು ಕೆಡವುವಾಗ ಅಟ್ಟದಿಂದ ಚರೆಯ ಚೀಲಗಳೆರಡು ಇಳಿದವು, ನಾಲ್ಕನೆಯ ನಂಬರಿನವು ಒಂದರಲ್ಲಿ, ಆರರವು ಇನ್ನೊಂದರಲ್ಲಿ. ಅದನ್ನು ಕೇಳಿಕೊಂಡು ಬಂದವನು ನೀರಿಗಿಳಿಯುತ್ತಿದ್ದವನ ಮಗ. ಕೆರೆಯ ಮೀನಿನ ಗುತ್ತಿಗೆ ಈಗ ಅವನದು. ಬಲೆಯ ಅಂಚಿಗೆ ಸೀಸದ ಗುಂಡು ಬೇಕಾಗಿತ್ತು. ಹಿತ್ತಿಲಿಗೆ ಹೋಗದೆ ನೇರವಾಗಿ ಮುಂಬಾಗಿಲಿನಿಂದ ಒಳಗೆ ಬಂದು, ಕುರ್ಚಿಯಲ್ಲಿ ಕುಳಿತು, ಒಂದು ಹಿಡಿ ಚರೆಯನ್ನು ಅಂಗೈಗೆ ಸುರಿದುಕೊಂಡು, ಹಳೆಯ ಸೀಸ ಕರಗಿಸಿದರೆ ಅರ್ಧಕ್ಕರ್ಧ ಕಿಟ್ಟವೇ ಎಂದು ಬೆಲೆ ಇಳಿಸಲು ನೋಡಿದ. ನನ್ನ ದಾಯಾದಿ ಪಟ್ಟು ಬಿಡಲಿಲ್ಲ, ಅವನೂ ಬಿಡಲಿಲ್ಲ. ಕೊನೆಗೆ ದುಡ್ಡಿನ ಮಾತು ಬೇಡ, ಕೆರೆಗೆ ಬಲೆ ಬೀಳುವ ದಿನ ಎರಡು ಕಾಟ್ಲಾ ಮೀನು, ಒಂದೊಂದೂ ಮೂರು ಕಿಲೋಗೆ ಕಡಮೆಯಿಲ್ಲದ್ದು, ಎಂದು ಒಪ್ಪಂದವಾಯಿತು. ಒಂದನ್ನು ಅವನು ಕಳುಹಿಸಿದ, ಇನ್ನೊಂದು ಬರಬೇಕಾಗಿದೆ.